ಪವಿತ್ರಳ ಎಡಗಾಲಿನ ಹಿಮ್ಮಡಿ

ಗೋಲ್‌ಕೀಪರ್ ಗ್ಲೌಸಿನ ವಾಸನೆ ಎಂಥದ್ದೆಂದು ಅದನ್ನು ಮೂಸದವರಿಗೆ ಹೇಳುವುದು ಕಷ್ಟ. ಬೆವರು, ರಬ್ಬರು, ಒದ್ದೆ ಮಣ್ಣು ಮೂರೂ ಸೇರಿ ಪ್ಲಾಸ್ಟಿಕ್ ಕವರಿನೊಳಗೆ ಎರಡು ದಿನ ಕೂತರೆ ಬರುವ ವಾಸನೆ ಅದು. ಗುಬ್ಬಿಯ ಹೈಸ್ಕೂಲೊಂದರಲ್ಲಿ ನಾನು ದೈಹಿಕ ಶಿಕ್ಷಕಿ. ಹೋದ ತಿಂಗಳು ನಮ್ಮ ಹುಡುಗಿಯರನ್ನು ಕರೆದುಕೊಂಡು ತುಮಕೂರಿಗೆ ಜಿಲ್ಲಾ ಮಟ್ಟದ ಫುಟ್‌ಬಾಲ್ ಪಂದ್ಯಕ್ಕೆ ಹೋಗಿದ್ದೆ. ಮೈದಾನದ ಮೆಟ್ಟಿಲ ಮೇಲೆ ಕೂತು ನಮ್ಮ ಗೋಲ್‌ಕೀಪರ್ ಹುಡುಗಿ ಬ್ಯಾಗಿನ ಜಿಪ್ ಎಳೆದಳು ನೋಡಿ, ಜೊತೆಗೆ ಬಂದಿದ್ದ ಸೈನ್ಸ್ ಮೇಡಂ "ಥೂ, ಇಲಿ ಸತ್ತೈತೇನ್ರೀ ಒಳಗೆ?" ಎನ್ನುತ್ತಾ ಸೆರಗಿನಿಂದ ಮೂಗು ಮುಚ್ಚಿಕೊಂಡು ಎದ್ದು ಹೋದರು. ನಾನು ಏಳಲಿಲ್ಲ. ಒಂಬತ್ತು ವರ್ಷದ ಹಿಂದೆ ಅದೇ ಮೈದಾನದಲ್ಲಿ ಅದೇ ವಾಸನೆಯ ಗ್ಲೌಸು ಹಾಕಿಕೊಂಡು ನಾನು ಒಬ್ಬಳ ಮೇಲೆ ಒಂದಿಡೀ ಮಳೆಗಾಲ ಹೊಟ್ಟೆಕಿಚ್ಚು ಪಟ್ಟಿದ್ದೆ. ಅಸೂಯೆ, ಮತ್ಸರ ಅಂತೆಲ್ಲ ಮರ್ಯಾದಸ್ಥ ಪದಗಳಿವೆ. ನನ್ನದು ಅದಲ್ಲ, ಅಪ್ಪಟ ಹೊಟ್ಟೆಕಿಚ್ಚು.

ಆಗ ನಾನು ತುಮಕೂರಿನಲ್ಲಿ ಹುಡುಗಿಯರ ಕ್ರೀಡಾ ಹಾಸ್ಟೆಲಿನಲ್ಲಿದ್ದೆ, ಪಿಯುಸಿ ಓದುತ್ತಿದ್ದೆ. ಓದುತ್ತಿದ್ದೆ ಅನ್ನುವುದು ಮಾತಿಗೆ. ಬೆಳಗ್ಗೆ ಐದೂವರೆಗೆ ಮೈದಾನ, ಸಂಜೆ ನಾಲ್ಕಕ್ಕೆ ಮತ್ತೆ ಮೈದಾನ, ನಡುವೆ ಕಾಲೇಜಿನಲ್ಲಿ ನಿದ್ದೆ. ಹಾಸ್ಟೆಲಿನ ತಂಡಕ್ಕೆ ನಾನೇ ಗೋಲ್‌ಕೀಪರ್. ಕೋಚ್ ಗೋವಿಂದರಾಜು ಸರ್ ಹೊರಗಿನವರ ಮುಂದೆ "ಈ ಹುಡ್ಗಿ ಇರೋವರ್ಗೂ ನಂಗೆ ಯೋಚ್ನೆ ಇಲ್ಲ" ಅನ್ನುತ್ತಿದ್ದರು. ಕೇಳಿಸದವಳ ಹಾಗೆ ಶೂ ಲೇಸು ಕಟ್ಟಿಕೊಳ್ಳುತ್ತಾ ನಾನು ಅದನ್ನು ಪೂರ್ತಿ ಕೇಳಿಸಿಕೊಳ್ಳುತ್ತಿದ್ದೆ.

ಪವಿತ್ರ ಕುಣಿಗಲ್ಲಿನವಳು. ಅವಳಪ್ಪ ತಿಮ್ಮಯ್ಯ ಕುದುರೆ ಫಾರಮ್ಮಿನಲ್ಲಿ ಕುದುರೆ ನೋಡಿಕೊಳ್ಳುವ ಕೆಲಸದಲ್ಲಿದ್ದರು. ಅವಳು ಹಾಸ್ಟೆಲಿಗೆ ಬಂದದ್ದು ಓಟಗಾರ್ತಿಯಾಗಿ. ಅವಳ ಉದ್ದುದ್ದ ಕೈ ನೋಡಿದ ಸರ್, "ಸಿಂಧು, ಇವಳ್ಗೆ ಬೀಳೋದ್ ಕಲ್ಸು, ನಿಂಗೊಂದು ಜೊತೆ ಆಗುತ್ತೆ" ಎಂದು ನನಗೆ ಒಪ್ಪಿಸಿದರು. ಕಲಿಸಿದೆ. ಲಾಂಗ್‌ಜಂಪಿನ ಮರಳಿನ ಗುಂಡಿಯಲ್ಲಿ ಮೊದಲು, ಆಮೇಲೆ ಕೆಂಪು ನೆಲದ ಮೇಲೆ. ಮೊಣಕೈ ಊರಬಾರದು, ಸೊಂಟ ಊರಬಾರದು, ಮಗ್ಗುಲಾಗಿ ಜಾರಬೇಕು, ಚೆಂಡು ಕೈಗೆ ಬಂದ ಮೇಲೇ ನೆಲ ಮೈಗೆ ತಾಗಬೇಕು. ಎರಡು ವರ್ಷದಲ್ಲಿ ಅವಳು ನನ್ನ ಹಾಗೆಯೇ ಬೀಳತೊಡಗಿದಳು. ನನ್ನ ಹಾಸಿಗೆಯ ಪಕ್ಕದಲ್ಲೇ ಅವಳದು. ಕುಣಿಗಲ್ಲಿನಿಂದ ಅವಳಮ್ಮ ಕಳಿಸಿದ ಚಕ್ಕುಲಿಯಲ್ಲಿ ಮೊದಲ ಪಾಲು ನನ್ನದು. ಅವಳನ್ನು ಕಂಡರೆ ನನಗೆ ನಿಜವಾಗಿಯೂ ಪ್ರೀತಿಯಿತ್ತು. ಅವಳು ನನ್ನ ಬದಲಿ ಆಟಗಾರ್ತಿಯಾಗಿ ಬೆಂಚಿನ ಮೇಲೆ ಕೂತಿರುವವರೆಗೂ ಇತ್ತು.

ಆ ಜೂನಿನಲ್ಲಿ ಕಾಗದ ಬಂತು. ಹದಿನೇಳರೊಳಗಿನ ಹುಡುಗಿಯರ ಭಾರತ ತಂಡಕ್ಕೆ ಆಟಗಾರ್ತಿಯರನ್ನು ಆರಿಸುವ ಶಿಬಿರ, ಅಲ್ಲಿಂದ ಆಯ್ಕೆಯಾದವರು ಏಷ್ಯಾದ ಅರ್ಹತಾ ಪಂದ್ಯಗಳಿಗೆ ಹೊರದೇಶಕ್ಕೆ. ಬೆಂಗಳೂರಿನ ಒಂದು ಟೂರ್ನಿಯಲ್ಲಿ ನನ್ನ ಆಟ ನೋಡಿ ಯಾರೋ ಹೆಸರು ಬರೆದುಕೊಂಡು ಹೋಗಿದ್ದರು. ಕಾಗದದಲ್ಲಿ ನನ್ನ ಹೆಸರಿತ್ತು. ಸರ್ ಅದನ್ನು ಎಲ್ಲರ ಮುಂದೆ ಓದಿದರು, ಪವಿತ್ರ ನನ್ನನ್ನು ಎತ್ತಿಕೊಂಡು ಒಂದು ಸುತ್ತು ತಿರುಗಿಸಿದಳು. ಸರ್ ದಾಖಲೆ ಕೇಳಿದರು. ನನ್ನ ಎಸ್ಸೆಸ್ಸೆಲ್ಸಿ ಅಂಕಪಟ್ಟಿ ನೋಡಿ ಕನ್ನಡಕ ತೆಗೆದು ಅಂಗಿಯ ತುದಿಯಲ್ಲಿ ಒರೆಸಿ ಮತ್ತೆ ನೋಡಿದರು. "ಅಯ್ಯೋ ಸಿಂಧು, ನೀನೂ ಜೂನ್ ಒಂದೇನಮ್ಮಾ?" ಎಂದರು.

ನಮ್ಮ ಕಡೆಯವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಒಂದನೇ ಕ್ಲಾಸಿಗೆ ಸೇರಿಸುವಾಗ ಮಗುವಿನ ಹುಟ್ಟಿದ ದಿನ ಅಪ್ಪನಿಗೆ ಗೊತ್ತಿಲ್ಲದಿದ್ದರೆ, ಅಥವಾ ಗೊತ್ತಿದ್ದೂ ವಯಸ್ಸು ಸಾಲದಿದ್ದರೆ, ಮೇಷ್ಟ್ರು ಸ್ಕೂಲು ಶುರುವಾಗುವ ದಿನವನ್ನೇ ಹುಟ್ಟಿದ ದಿನವೆಂದು ಬರೆದುಕೊಂಡು ಲೆಕ್ಕ ಸರಿಮಾಡಿಬಿಡುತ್ತಿದ್ದರು. ನಮ್ಮ ಹಾಸ್ಟೆಲಿನ ಅರ್ಧಕ್ಕರ್ಧ ಹುಡುಗಿಯರು ಕಾಗದದ ಮೇಲೆ ಒಂದೇ ದಿನ ಹುಟ್ಟಿದವರು. ವಾರ್ಡನ್ ಆಂಟಿ ಅವತ್ತು ಒಂದು ದೊಡ್ಡ ಪಾತ್ರೆ ಕೇಸರಿಬಾತು ಮಾಡಿ ಎಲ್ಲರ ಹುಟ್ಟುಹಬ್ಬವನ್ನೂ ಒಟ್ಟಿಗೆ ಮುಗಿಸುತ್ತಿದ್ದರು. ಆ ಜೂನಿನಲ್ಲೂ ನಾನು ನಗುತ್ತಾ ಎರಡು ಸಲ ಹಾಕಿಸಿಕೊಂಡು ತಿಂದಿದ್ದೆ. ಶಿಬಿರಕ್ಕೆ ಸೇರಲು ಹುಟ್ಟಿರಬೇಕಾದ ವರ್ಷ ಜನವರಿಯಿಂದ ಶುರು. ಕಾಗದದ ಪ್ರಕಾರ ನಾನು ಅದರ ಹಿಂದಿನ ಜೂನಿನವಳು. ಏಳೆಂಟು ತಿಂಗಳು ದೊಡ್ಡವಳಾಗಿಬಿಟ್ಟಿದ್ದೆ.

ಅವತ್ತೇ ಬಸ್ಸು ಹಿಡಿದು ಗುಬ್ಬಿಗೆ ಹೋದೆ. ನಮ್ಮಪ್ಪ ದರ್ಜಿ. ಜೂನ್ ಅಂದರೆ ಅವರಿಗೆ ಸ್ಕೂಲು ಯೂನಿಫಾರಮ್ಮಿನ ಸುಗ್ಗಿ, ತಲೆಯೆತ್ತಲೂ ಪುರುಸೊತ್ತಿರುವುದಿಲ್ಲ. ನೀಲಿ ಬಟ್ಟೆಯ ರಾಶಿಯ ಮಧ್ಯೆ ನಿಂತು ಕೇಳಿದೆ.

"ಯಾಕಪ್ಪಾ ಹಂಗ್ ಬರುಸ್ದೆ?"

"ನಾನೆಲ್ ಬರುಸ್ದೆ ಕಣವ್ವ? ಹೆಡ್ ಮೇಷ್ಟ್ರು ಆರು ತುಂಬೈತೇನಯ್ಯಾ ಅಂದ್ರು. ನಿಮ್ಮಮ್ಮ ಆಗಿನ್ನೂ ತುಮ್ಕೂರ್ ಗಾರ್ಮೆಂಟ್ಸಿಗೆ ಸೇರಿದ್ಲು, ಮನೇಲಿ ನಿನ್ನ ನೋಡ್ಕೊಳೋರು ಯಾರೂ ಇರ್ನಿಲ್ಲ. ತುಂಬೈತೆ ಸಾ ಅಂದೆ. ಅವ್ರೇ ಬರ್ಕೊಂಡ್ರು. ಎಲ್ಲಾರ್ಗೂ ಅದೇ ಬರೀತಿದ್ರು."

ಅಮ್ಮ ಒಳಗಿನಿಂದ ಬಂದು, "ಎಳ್ಳು ಬೀರಿ ಮೂರ್ನೇ ದಿನ ಕಣೇ ನೀನ್ ಹುಟ್ಟಿದ್ದು. ಊರ್ಡಿಗೆರೆ ಅಜ್ಜಿ ಮನೇಲಿ. ಕಬ್ಬಿನ್ ಜಲ್ಲೆ ಇನ್ನೂ ಮೂಲೇಲೇ ಒರಗಿತ್ತು" ಎಂದಳು. ಸಂಕ್ರಾಂತಿಯಾಗಿ ಮೂರು ದಿನ. ಅಂದರೆ ಜನವರಿ. ಅಂದರೆ ನಾನು ಸರಿಯಾದ ವರ್ಷದವಳೇ. ಇದು ನಮ್ಮಮ್ಮನಿಗೆ ಗೊತ್ತು, ಅಜ್ಜಿಗೆ ಗೊತ್ತು, ಹೆರಿಗೆ ಮಾಡಿಸಿದ ಸೂಲಗಿತ್ತಿಗೆ ಗೊತ್ತಿತ್ತು, ಅವಳು ತೀರಿಕೊಂಡಿದ್ದಳು. ಕಾಗದಕ್ಕೆ ಮಾತ್ರ ಗೊತ್ತಿಲ್ಲ. ಮಾರನೇ ದಿನ ಅಪ್ಪ ಅಂಗಡಿ ಮುಚ್ಚಿ ವಕೀಲರ ಹತ್ತಿರ ಹೋಗಿ ಬಂದರು. ಕೋರ್ಟಿನಲ್ಲಿ ತಿದ್ದಿಸಬೇಕು, ತಿಂಗಳುಗಟ್ಟಲೆ ಆಗುತ್ತದೆ ಎಂದರಂತೆ. ಶಿಬಿರಕ್ಕೆ ಉಳಿದದ್ದು ಎಂಟು ದಿನ. ಅಪ್ಪ ಮೆಷಿನ್ನಿನ ಮುಂದೆ ಕೂತು, "ಹೊಲ್ಗೆ ಆಗಿದ್ರೆ ಬಿಚ್ಚಿ ಇನ್ನೊಂದ್ ಸಲ ಹೊಲೀತಿದ್ದೆ ಕಣವ್ವ" ಅಂದರು. ನಾನು ಊಟಕ್ಕೂ ನಿಲ್ಲದೆ ತುಮಕೂರಿಗೆ ವಾಪಸು ಬಂದೆ.

ಬರುವಷ್ಟರಲ್ಲಿ ಗೋವಿಂದರಾಜು ಸರ್ ಶಿಬಿರದವರಿಗೆ ಫೋನು ಮಾಡಿ ಮಾತಾಡಿದ್ದರು. ನಮ್ಮಲ್ಲೇ ಇನ್ನೊಬ್ಬಳು ಕೀಪರ್ ಇದ್ದಾಳೆ, ದಾಖಲೆ ಸರಿಯಿದೆ, ನೋಡಿ ಅಂದಿದ್ದರಂತೆ. ಕಳಿಸಿ, ನೋಡೋಣ ಅಂದರಂತೆ. ಪವಿತ್ರ ಹುಟ್ಟಿದ್ದು ಕುಣಿಗಲ್ ಆಸ್ಪತ್ರೆಯಲ್ಲಿ, ಜನನ ಪತ್ರ ಗರಿಗರಿಯಾಗಿ ಇತ್ತು. ಅವಳು ನನ್ನ ಮಂಚದ ಹತ್ತಿರ ಬಂದು ನಿಂತಳು.

"ನಾನ್ ಹೋಗಲ್ಲ ಕಣೇ. ಅದು ನಿಂದು."

"ಹೋಗೇ ಹುಚ್ಚಿ. ಯಾರಾದ್ರೂ ಬಿಡ್ತಾರಾ?" ಎಂದೆ. ಸುತ್ತ ಹುಡುಗಿಯರಿದ್ದರು. "ಸಿಂಧಕ್ಕಂದು ದೊಡ್ ಮನ್ಸು ಕಣ್ರೇ" ಎಂದು ಒಬ್ಬಳು ಕಣ್ಣೊರೆಸಿಕೊಂಡಳು. ಪವಿತ್ರ ಹೋಗುವ ಬಸ್ಸು ಡಾಬಸ್‌ಪೇಟೆ ದಾಟುವ ಮೊದಲೇ ಕೆಟ್ಟು ನಿಲ್ಲಲಿ ಎಂದು ಆ ದೊಡ್ಡ ಮನಸ್ಸು ಆಗಲೇ ಬೇಡಿಕೊಳ್ಳುತ್ತಿತ್ತು.

ಹೊರಡುವ ಮುಂಚೆ ಉಳಿದ ನಾಲ್ಕು ದಿನ ಅವಳಿಗೆ ವಿಶೇಷ ತರಬೇತಿ ಕೊಡು ಎಂದು ಸರ್ ನನಗೇ ಹೇಳಿದರು. ಆಷಾಢದ ಗಾಳಿ ಆಗಲೇ ಶುರುವಾಗಿತ್ತು. ದೇವರಾಯನದುರ್ಗದ ಕಡೆಯಿಂದ ಮೋಡ ಬರುತ್ತಿತ್ತು, ನಾಲ್ಕು ಹನಿ ಉದುರಿಸಿ ಹೋಗುತ್ತಿತ್ತು, ಮಳೆಯೂ ಅಲ್ಲ ಬಿಸಿಲೂ ಅಲ್ಲ, ಬರೀ ಧೂಳು. ಮೂರನೇ ದಿನ ಸಂಜೆ ನಾನು ಅವಳಿಗೆ ಪೆನಾಲ್ಟಿ ಹೊಡೆಯುತ್ತಿದ್ದೆ. ಹನ್ನೆರಡು ಗಜ ದೂರದಿಂದ ಒಬ್ಬರು ಒದೆಯುವುದು, ಗೋಲಿನಲ್ಲಿ ಒಬ್ಬಳೇ ನಿಂತು ತಡೆಯುವುದು. ಒದೆಯುತ್ತಾ ಒದೆಯುತ್ತಾ ನನಗೊಂದು ಕಂಡಿತು. ನಾನು ಚೆಂಡಿನ ಹತ್ತಿರ ಬರುವ ಮೊದಲೇ ಪವಿತ್ರಳ ಎಡಗಾಲಿನ ಹಿಮ್ಮಡಿ ನೆಲ ಬಿಟ್ಟು ಒಂದು ಬೆರಳಿನಷ್ಟು ಮೇಲೇಳುತ್ತಿತ್ತು. ಹಿಮ್ಮಡಿ ಎದ್ದರೆ ಮೈಭಾರವೆಲ್ಲ ಬಲಗಾಲಿಗೆ. ಆಮೇಲೆ ಅವಳು ಬಲಕ್ಕೇ ಬೀಳಬೇಕು, ಎಡಕ್ಕೆ ಹೋಗಲು ಆಗುವುದೇ ಇಲ್ಲ. ಒದೆಯುವವಳು ಅದನ್ನು ನೋಡಿಕೊಂಡರೆ ಕಣ್ಣು ಮುಚ್ಚಿ ಇನ್ನೊಂದು ಕಡೆ ಹೊಡೆಯಬಹುದು. ಖಾತ್ರಿ ಮಾಡಿಕೊಳ್ಳಲು ಇನ್ನೂ ಐದು ಹೊಡೆದೆ. ಐದೂ ಸಲ ಹಿಮ್ಮಡಿ ಎದ್ದಿತು, ಐದೂ ಸಲ ಬಲಕ್ಕೆ ಬಿದ್ದಳು.

"ಪವೀ" ಎಂದು ಕರೆದೆ.

"ಏನೇ?"

ಮುಖದ ತುಂಬ ಧೂಳು ಮೆತ್ತಿಕೊಂಡು ಅವಳು ನನ್ನನ್ನೇ ನೋಡುತ್ತಾ ನಿಂತಿದ್ದಳು. "ಏನಿಲ್ಲ, ಇನ್ನೊಂದು ಹೊಡೀತೀನಿ" ಎಂದೆ. ಮರೆತೆ ಅನ್ನಲಾರೆ, ಹೊತ್ತಾಗಿತ್ತು ಅನ್ನಲಾರೆ. ಹೇಳಬಾರದು ಅಂದುಕೊಂಡೇ ಹೇಳಲಿಲ್ಲ. ಶಿಬಿರದಲ್ಲಿ ಯಾರಾದರೂ ಕಂಡುಹಿಡಿದು ಮನೆಗೆ ಕಳಿಸಲಿ ಎಂಬ ಆಸೆಯಿತ್ತು.

ಯಾರೂ ಕಳಿಸಲಿಲ್ಲ. ಆಯ್ಕೆಯಾದಳು. "ಕುಣಿಗಲ್ ಹುಡುಗಿಗೆ ಭಾರತದ ಜೆರ್ಸಿ" ಎಂದು ಪತ್ರಿಕೆಯಲ್ಲಿ ಫೋಟೋ ಬಂತು. ಸರ್ ಅದನ್ನು ಕತ್ತರಿಸಿ ಊಟದ ಹಾಲಿನ ಗೋಡೆಗೆ ಅಂಟಿಸಿದರು, ನಾನು ದಿನಾ ಅದರ ಕೆಳಗೇ ಮುದ್ದೆ ನುಂಗಬೇಕಾಯಿತು. ಕೊನೆಯ ಸಾಲಿನಲ್ಲಿ "ಗೆಳತಿ ಸಿಂಧುವಿನ ಪ್ರೋತ್ಸಾಹವನ್ನು ನೆನೆಯುತ್ತಾರೆ" ಎಂದಿತ್ತು. ಪ್ರೋತ್ಸಾಹ! ನಾನೇನು ಗ್ಯಾಲರಿಯಲ್ಲಿ ಕೂತು ಚಪ್ಪಾಳೆ ಹೊಡೆದಿದ್ದೆನೇ? ಅವಳಿಗೆ ಬೀಳುವುದು ಕಲಿಸಿದವಳು ನಾನು. ಅವಳನ್ನು ಹೊಗಳಿದರೂ ಉರಿ, ನನ್ನನ್ನು ನೆನೆದರೂ ಉರಿ. ಮೈದಾನದಲ್ಲಿ ಕೈಯೊಳಗಿನ ಚೆಂಡು ಜಾರಿ ಗೋಲಾಗತೊಡಗಿತು. "ಎಲ್ಲಮ್ಮಾ ಇದೆ ನಿನ್ ಗ್ಯಾನ?" ಎಂದು ಸರ್ ಬೈದರು.

ಭಾನುವಾರ ವಾರ್ಡನ್ ಆಂಟಿಯ ಮೊಬೈಲಿಗೆ ಅವಳ ಫೋನು ಬರುತ್ತಿತ್ತು. ಹೊರದೇಶಕ್ಕೆ ಹೊರಡುವ ಹಿಂದಿನ ಭಾನುವಾರ ಅವಳ ದನಿ ಸಣ್ಣಗಾಗಿತ್ತು.

"ಇಲ್ಲಿ ಎಲ್ಲಾ ಹಿಂದೀಲೇ ಹೇಳ್ತಾರೆ ಕಣೇ, ಅರ್ಧ ನಂಗೆ ಅರ್ಥ ಆಗಲ್ಲ. ನಾನು ಎರಡ್ನೇ ಕೀಪರ್ ಅಲ್ವಾ, ನನ್ ಕಡೆ ಅಷ್ಟು ನೋಡೋದೂ ಇಲ್ಲ. ಪೆನಾಲ್ಟಿ ಒಂದೂ ಕೈಗೆ ಸಿಕ್ತಿಲ್ಲ. ನೀನ್ ನೋಡಿದೀಯಲ್ಲ, ಏನಾದ್ರೂ ತಪ್ಪು ಮಾಡ್ತಿದೀನಾ?"

ಮೆಟ್ಟಿಲ ಹತ್ತಿರ ನಿಂತು ಫೋನು ಹಿಡಿದಿದ್ದೆ. ಎರಡು ಮಾತು ಸಾಕಿತ್ತು.

"ಏನೂ ಇಲ್ಲ ಬುಡೇ. ಪೆನಾಲ್ಟಿ ಅಂದ್ರೆ ಅದೃಷ್ಟ ಅಷ್ಟೇ" ಎಂದೆ.

"ನೀನ್ ಹೇಳುದ್ರೆ ಸರಿ" ಎಂದು ಅವಳು ನಿರಾಳವಾಗಿ ನಕ್ಕಳು.

ಅವರು ಹೋದ ದೇಶದ ರಾಜಧಾನಿಯ ಹೆಸರು ಈಗಲೂ ನನ್ನ ಬಾಯಲ್ಲಿ ಸರಿಯಾಗಿ ಹೊರಳುವುದಿಲ್ಲ. ಮೊದಲ ಪಂದ್ಯದಲ್ಲೇ ಮೊದಲನೇ ಕೀಪರಿನ ಬೆರಳು ಮುರಿಯಿತು. ಎರಡನೇ ಪಂದ್ಯಕ್ಕೆ ಪವಿತ್ರ ಇಳಿದಳು, ವಾರ್ಡನ್ ಆಂಟಿಯ ಮೊಬೈಲಿನಲ್ಲಿ ನೋಡಿದೆವು. ಅದರಲ್ಲೊಂದು ಪೆನಾಲ್ಟಿ ಬಂತು, ಹಿಮ್ಮಡಿ ಎದ್ದಿತು, ಅವಳು ಬಲಕ್ಕೆ ಬಿದ್ದಳು, ಚೆಂಡು ಎಡಕ್ಕೆ ಹೋಯಿತು. ನಮ್ಮವರು ಗೆದ್ದಿದ್ದರಿಂದ ಯಾರೂ ತಲೆಕೆಡಿಸಿಕೊಳ್ಳಲಿಲ್ಲ. ಕೊನೆಯ ಪಂದ್ಯಕ್ಕೆ ಮೂರು ದಿನ ಇತ್ತು. ಅಲ್ಲಿ ಅವಳ ರೂಮಿನಲ್ಲಿದ್ದ ಹುಡುಗಿಯ ವಾಟ್ಸಾಪ್ ನಂಬರು ವಾರ್ಡನ್ ಆಂಟಿಯ ಮೊಬೈಲಿನಲ್ಲಿತ್ತು, ಕೇಳಿದರೆ ಆಂಟಿ ಕೊಡುತ್ತಿದ್ದರು. ಆ ಮೂರೂ ದಿನ ನಾನು ಬಹಳ ಶ್ರದ್ಧೆಯಿಂದ ಇಕನಾಮಿಕ್ಸ್ ಓದಿದೆ.

ಕೊನೆಯ ಪಂದ್ಯವನ್ನು ಊಟದ ಹಾಲಿನಲ್ಲಿ ಮೊಬೈಲನ್ನು ಟೀವಿಗೆ ಜೋಡಿಸಿ ನೋಡಿದೆವು. ಮಧ್ಯಾಹ್ನದ ಹೊತ್ತು, ಹೊರಗೆ ಧೋ ಎಂದು ಮಳೆ. ಡ್ರಾ ಆದರೂ ಸಾಕು, ಭಾರತ ಮುಂದಿನ ಸುತ್ತಿಗೆ ಹೋಗುತ್ತಿತ್ತು. ಎದುರಾಳಿ ಹುಡುಗಿಯರು ಎತ್ತರ, ದಪ್ಪ ಕಾಲು, ಮೇಲಿಂದ ಮೇಲೆ ನುಗ್ಗಿ ಬರುತ್ತಿದ್ದರು. ಪವಿತ್ರ ತಡೆಯುತ್ತಲೇ ಇದ್ದಳು. ಒಂದು ಚೆಂಡಿಗೆ ಅವಳು ಮಗ್ಗುಲಾಗಿ ಜಾರಿ ಬೆರಳ ತುದಿಯಲ್ಲಿ ತಳ್ಳಿದಾಗ ಹಾಲಿನಲ್ಲಿ ಎಲ್ಲರೂ ಬೆಂಚು ಹತ್ತಿ ಕುಣಿದರು. ಮೊಣಕೈ ಊರಿರಲಿಲ್ಲ, ಸೊಂಟ ಊರಿರಲಿಲ್ಲ. ಲಾಂಗ್‌ಜಂಪಿನ ಗುಂಡಿಯಲ್ಲಿ ನಾನು ಕಲಿಸಿದ ಬೀಳುವ ರೀತಿ ಅದು. ನಾನು ಬೀಳಬೇಕಾಗಿದ್ದ ಜಾಗದಲ್ಲಿ ಅವಳು ನನ್ನ ಹಾಗೆಯೇ ಬೀಳುತ್ತಿದ್ದಳು, ಎದೆಯ ಮೇಲೆ ಇಂಡಿಯಾ ಎಂದಿತ್ತು.

ಎರಡೂ ಕಡೆ ಗೋಲಿಲ್ಲದೆ ಪಂದ್ಯ ಮುಗಿಯಲು ಐದು ನಿಮಿಷವಿರಬೇಕಾದರೆ ನಮ್ಮ ಡಿಫೆಂಡರಿನ ಕೈಗೆ ಚೆಂಡು ತಗುಲಿತು. ಪೆನಾಲ್ಟಿ. ಬೆಂಚು ಹತ್ತಿದ್ದವರೆಲ್ಲ ಇಳಿದು ಕೂತರು. "ಯಡಿಯೂರು ಸಿದ್ಧಲಿಂಗಪ್ಪಾ, ಕಾಪಾಡಪ್ಪಾ" ಎಂದು ವಾರ್ಡನ್ ಆಂಟಿ ಕೈ ಮುಗಿದರು. ಒದೆಯಬೇಕಾದ ಹುಡುಗಿ ಓಡಿ ಬರಲಿಲ್ಲ, ನಿಧಾನವಾಗಿ ಬಂದಳು, ನಡುವೆ ಒಂದು ಕ್ಷಣ ನಿಂತಳು. ಅವಳು ಪವಿತ್ರಳ ಮುಖ ನೋಡುತ್ತಿರಲಿಲ್ಲ, ಕಾಲು ನೋಡುತ್ತಿದ್ದಳು. ಮೂರು ದಿನದ ಹಿಂದಿನ ವಿಡಿಯೋ ಅವರೂ ನೋಡಿದ್ದರು. ಹಿಮ್ಮಡಿ ಎದ್ದಿತು. ಪವಿತ್ರ ಬಲಕ್ಕೆ ಹಾರಿದಳು. ಚೆಂಡು ಎಡಗಡೆ, ಜೋರಾಗಿಯೂ ಅಲ್ಲ, ಉರುಳಿಕೊಂಡು ಒಳಗೆ ಹೋಯಿತು.

ನನಗೆ ಸಂತೋಷವಾಯಿತು. ಇದನ್ನು ಇಷ್ಟು ವರ್ಷ ಯಾರಿಗೂ ಹೇಳಿಲ್ಲ. ಒಂದು ಉಸಿರಿನಷ್ಟು ಹೊತ್ತು, ಮೈಯೆಲ್ಲಾ ಹಗುರವಾಗುವಷ್ಟು ಸಂತೋಷವಾಯಿತು. ಆಮೇಲೆ ಟೀವಿಯಲ್ಲಿ ಅವಳನ್ನು ಹತ್ತಿರದಿಂದ ತೋರಿಸಿದರು. ನೆಲದ ಮೇಲೆ ಮಂಡಿಯೂರಿ ಕೂತು, ಚೆಂಡು ಹೋದ ಮೂಲೆಯನ್ನು ನೋಡುತ್ತಿದ್ದಳು, ಲೆಕ್ಕ ತಪ್ಪಿದ್ದು ಎಲ್ಲಿ ಎಂದು ಹುಡುಕುವ ಹಾಗೆ. ಪಕ್ಕದ ಹುಡುಗಿಯರು ಅಳುತ್ತಿದ್ದರು. ನನಗೂ ಅಳು ಬಂತು. ಅದನ್ನು ನೋಡಿ ಅವರು ನನ್ನನ್ನೇ ಸಮಾಧಾನ ಮಾಡಿದರು.

ಎಲ್ಲರೂ ಎದ್ದು ಹೋದ ಮೇಲೂ ಗೋವಿಂದರಾಜು ಸರ್ ಖಾಲಿ ಟೀವಿಯ ಮುಂದೆ ಕೂತಿದ್ದರು. "ಎರಡ್ ಸಲಾನೂ ಹಂಗೇ ಆಯ್ತಲ್ಲಮ್ಮಾ. ಕಾಲು ಮೊದ್ಲೇ ಎದ್ದಂಗಿತ್ತು. ಇಲ್ಲಿ ಪೆನಾಲ್ಟಿ ಹೊಡ್ದೋಳು ನೀನು, ನಿನ್ ಕಣ್ಗೆ ಬಿದ್ದಿರ್ಲಿಲ್ವಾ?"

"ಇಲ್ಲ ಸರ್."

ಅವರು ಕನ್ನಡಕ ತೆಗೆದು ಅಂಗಿಯ ತುದಿಯಲ್ಲಿ ಒರೆಸಿಕೊಂಡರು. "ನಂಗೂ ಬಿದ್ದಿರ್ಲಿಲ್ಲ" ಎಂದು ಎದ್ದು ಹೋದರು.

ಅವಳು ಕುಣಿಗಲ್ಲಿಗೆ ಬಂದ ದಿನ ಹಾಸ್ಟೆಲಿನ ಪರವಾಗಿ ನನ್ನನ್ನೇ ಕಳಿಸಿದರು. ಹೆಬ್ಬೂರಿನ ಮೇಲೆ ಬಸ್ಸಿನಲ್ಲಿ ಹೋಗುವಾಗ ಕೆರೆಗಳೆಲ್ಲ ತುಂಬಿದ್ದವು. ಬಸ್ ಸ್ಟ್ಯಾಂಡಿನಲ್ಲಿ ಹಾರ, ಪೇಟ, ತಮಟೆ. ಊರಿನ ಮುಖಂಡರೊಬ್ಬರು ಮೈಕು ಹಿಡಿದು, ದೇಶಕ್ಕೆ ಕಪ್ಪು ಗೆದ್ದುಕೊಟ್ಟ ನಮ್ಮ ಮಗಳು ಎಂದು ಶುರುಮಾಡಿದರು. ಹಿಂದಿನಿಂದ ಯಾರೋ ಅಂಗಿ ಜಗ್ಗಿ ಕಿವಿಯಲ್ಲಿ ಹೇಳಿದ ಮೇಲೆ, ಗೆಲುವು ಸೋಲು ಮುಖ್ಯವಲ್ಲ ಎಂದು ಮುಗಿಸಿದರು. ಪವಿತ್ರ ಜನರ ಮಧ್ಯೆ ನನ್ನನ್ನು ಕಂಡದ್ದೇ ಹಾರ ತೆಗೆದು ಅವಳಪ್ಪನ ಕೈಗೆ ಕೊಟ್ಟು ಓಡಿ ಬಂದು ತಬ್ಬಿಕೊಂಡಳು.

ಊಟವಾದ ಮೇಲೆ ಅವರ ಮನೆಯ ಮುಂದಿನ ಅಂಗಳದಲ್ಲಿ ಕೂತೆವು. ತಿಮ್ಮಯ್ಯ ಕೆಲಸದ ಖಾಕಿ ಅಂಗಿಯಲ್ಲೇ ಗೋಡೆಗೆ ಒರಗಿ ಎಲೆಯಡಿಕೆ ಹಾಕಿಕೊಳ್ಳುತ್ತಿದ್ದರು. ಮಳೆ ನಿಂತು ಬಿಸಿಲು ಬಂದಿತ್ತು.

"ಅಲ್ಲಿ ವಿಡಿಯೋ ಹಾಕಿ ತೋರ್ಸಿದ್ರು ಕಣೇ" ಎಂದಳು ಪವಿತ್ರ. "ನನ್ ಎಡಗಾಲ್ ಹಿಮ್ಮಡಿ ಮೊದ್ಲೇ ಏಳುತ್ತಂತೆ. ಆ ಹುಡ್ಗಿ ಅದ್ನೇ ನೋಡ್ಕೊಂಡ್ ಹೊಡ್ದವ್ಳೆ. ನಿಂಗೆ ಕಲ್ಸಿದೋರ್ಯಾರು, ಇಷ್ಟೂ ನೋಡಿಲ್ವಾ ಅಂತ ಬೈದ್ರು. ನಂಗೆ ಸಿಟ್ಟು ಬಂದ್ಬಿಡ್ತು. ನನ್ನ ಬೈರಿ, ಅವಳನ್ನ ಬೈಬೇಡಿ ಅಂದೆ. ನಮ್ ಸಿಂಧು ಕಣ್ಗೆ ಬಿದ್ದಿದ್ರೆ ಅವ್ಳು ಹೇಳ್ದೆ ಬಿಡ್ತಾನೇ ಇರ್ಲಿಲ್ಲ ಅಂದೆ."

ನಾನು ಬಾಯಿ ತೆರೆದೆ. ಪವೀ, ನನಗೆ ಗೊತ್ತಿತ್ತು ಕಣೇ ಎಂಬ ಮಾತು ನಾಲಿಗೆಯ ತುದಿಯವರೆಗೂ ಬಂದಿತ್ತು. ಅವಳು ಅಷ್ಟರಲ್ಲಿ ಎದ್ದು ಒಳಗಿನಿಂದ ಚೆಂಡು ತಂದಾಗಿತ್ತು.

"ಮುಂದಿನ್ ಸಲಕ್ಕೆ ನಂಗೂ ವಯಸ್ಸು ಮೀರೋಗುತ್ತೆ. ಅಲ್ಲಿಗೆ ಮತ್ತೆ ಕರೆಯಲ್ಲ ನನ್ನ. ಆದ್ರೂ ಇದ್ನ ಸರಿ ಮಾಡ್ಕೊಬೇಕು ಕಣೇ, ನಿದ್ದೇಲೂ ಅದೇ ಬರ್ತೈತೆ. ನೀನ್ ಹೇಳ್ಕೊಡು."

ಅವಳು ಗೋಡೆಗೆ ಬೆನ್ನು ಹಾಕಿ ನಿಂತಳು. ಒದೆಯಲು ತಿಮ್ಮಯ್ಯನೇ ಎದ್ದರು, ಪಂಚೆ ಮೇಲೆ ಕಟ್ಟಿ, ಬರಿಗಾಲಲ್ಲಿ. ನಾನು ಅವಳ ಹಿಂದೆ ಕುಕ್ಕರಗಾಲಲ್ಲಿ ಕೂತು ಅವಳ ಎಡಗಾಲಿನ ಹಿಮ್ಮಡಿಯನ್ನು ಅಂಗೈಯಲ್ಲಿ ಹಿಡಿದುಕೊಂಡೆ.

"ಅಯ್ಯೋ, ಕಾಲ್ ಯಾಕೇ ಹಿಡ್ಕೊತೀಯ, ಬಿಡೇ" ಎಂದು ಅವಳು ನಾಚಿಕೊಂಡು ನಕ್ಕಳು.

"ಸುಮ್ನೆ ನಿಂತ್ಕೊ" ಎಂದೆ.

ಮೊದಲ ಒದೆತಕ್ಕೆ ಹಿಮ್ಮಡಿ ನನ್ನ ಕೈಯಲ್ಲಿ ಮಿಡಿಯಿತು, ಒತ್ತಿ ಹಿಡಿದೆ. ಎರಡನೆಯದಕ್ಕೂ ಮಿಡಿಯಿತು. ಏಳನೆಯದೋ ಎಂಟನೆಯದೋ ಹೊತ್ತಿಗೆ ಅದು ನೆಲದ ಮೇಲೇ ಉಳಿಯಿತು. ಕೈ ತೆಗೆದೆ. ಆಗಲೂ ಉಳಿಯಿತು. ಪವಿತ್ರ ಚೆಂಡನ್ನು ಕೊನೆಯವರೆಗೂ ಕಾದು ನೋಡಿ ಎಡಕ್ಕೆ ಬಿದ್ದು ಹಿಡಿದಳು. ಇನ್ನೊಂದಕ್ಕೆ ಬಲಕ್ಕೆ ಬಿದ್ದು ಹಿಡಿದಳು. ಮತ್ತೊಂದಕ್ಕೆ ಮತ್ತೆ ಎಡಕ್ಕೆ. ಎಲ್ಲಾ ಸೇರಿ ಹತ್ತು ನಿಮಿಷವೂ ಆಗಿರಲಿಲ್ಲ.

ಚೆಂಡನ್ನು ಎದೆಗೆ ಅವಚಿಕೊಂಡು ನೆಲದ ಮೇಲೆಯೇ ಮಲಗಿ, ಮೈಯೆಲ್ಲಾ ಕೆಸರಾಗಿ, ಅವಳು ತಲೆಯೆತ್ತಿ ನನ್ನನ್ನು ನೋಡಿ ನಕ್ಕಳು.

"ಇಷ್ಟೇನಾ?"

"ಇಷ್ಟೇ ಕಣೇ" ಎಂದೆ.